ಬೆಲ್ಜಿಯಂನ ಯೋಸ್ ಬರೆದ ನನ್ನ ಮುಖ

ಶುಕ್ರವಾರದ ಪೂಜೆ ಮುಗಿಸಿ ಚರ್ಚಿನಿಂದ ಬಂದು ಯೋಸ್‌ನ ಮನೆಯಲ್ಲಿ ಅವನೆದುರು ಕುರ್ಚಿಯಲ್ಲಿ ಕೂತಿದ್ದೆ. ಯೋಸ್ ಒಂದು ಚಪ್ಪಟೆ ಚೂರಿ ತೆಗೆದುಕೊಂಡು, ಕ್ಯಾನ್ವಾಸಿನ ಮೇಲಿದ್ದ ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನನ್ನ ಕಣ್ಣೆದುರಿಗೇ ಹೆರೆದು ಹಾಕಿದ. ಎಂಟು ಶುಕ್ರವಾರ ಕೂತು ಬೆನ್ನು ನೋಯಿಸಿಕೊಂಡ ಮೇಲೆ ಮೂಡಿದ ಮುಖ ಅದು! ಚೂರಿಯ ಬಣ್ಣವನ್ನು ಹಳೆಯ ಪೇಪರಿಗೆ ಒರೆಸಿ, "ಈ ಮನುಷ್ಯ ನನಗೆ ಬೇಡ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ದೋಹಾಕ್ಕೆ ಬಂದ ಮೇಲೆ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಇಬ್ಬರು ಮಲಯಾಳಿಗಳ ಜೊತೆ ಒಂದೇ ರೂಮಿನಲ್ಲಿದ್ದೆ. ವರ್ಲ್ಡ್ ಕಪ್ ಕಾಮಗಾರಿಯ ಕಂಪನಿಯೊಂದರಲ್ಲಿ ನಕ್ಷೆಗಳ ಫೈಲು ನೋಡಿಕೊಳ್ಳುವ ಗುಮಾಸ್ತ ನಾನು. ಯೋಸ್ ಮೇಲಿನ ಮಹಡಿಯವನು. ಅವನ ಹೆಂಡತಿ ಇಲ್ಲಿ ಟೀಚರ್, ಇವನು ಚಿತ್ರಕಾರ. ಲಿಫ್ಟ್ ಕೆಟ್ಟ ದಿನ ಅವನ ದೊಡ್ಡ ಕ್ಯಾನ್ವಾಸನ್ನು ಮೆಟ್ಟಿಲು ಹತ್ತಿಸಲು ನೆರವಾದೆ. ಅಷ್ಟಕ್ಕೇ ನನ್ನ ಅಂಗೈಗಳನ್ನು ತಿರುಗಿಸಿ ನೋಡಿ, "ನನ್ನೆದುರು ಕೂರುತ್ತೀಯಾ?" ಎಂದು ಕೇಳಿದ. ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಗೋಡೆ ನೋಡುತ್ತ ಮಲಗುವುದಕ್ಕಿಂತ ವಾಸಿ ಎಂದು ಒಪ್ಪಿಕೊಂಡೆ.

ಅವನೂ ನಮ್ಮ ಉಡುಪಿಯವರ ಹಾಗೆ ಕಡಲ ಕರೆಯವನು. ಅಪ್ಪ ಬಲೆ ಹೆಣೆಯುತ್ತಿದ್ದನಂತೆ. ಕಲಾಶಾಲೆಯಲ್ಲಿ ಎಲ್ಲರೂ ಬರೀ ಗೆರೆ, ಚೌಕ ಬರೆಯುತ್ತಿದ್ದ ಕಾಲದಲ್ಲಿ ಇವನು ಮೀನು ಮಾರುವ ಹೆಂಗಸರನ್ನು ಬರೆದು ಮೇಷ್ಟ್ರುಗಳಿಂದ ಗೇಲಿ ಮಾಡಿಸಿಕೊಂಡ. ಎಷ್ಟೋ ವರ್ಷ ಮನೆಗಳಿಗೆ ಸುಣ್ಣಬಣ್ಣ ಬಳಿದು ಹೊಟ್ಟೆ ಹೊರೆದ. ಮನುಷ್ಯರನ್ನು ಬರೆಯುವುದನ್ನು ಮಾತ್ರ ಬಿಡಲಿಲ್ಲ.

ದೋಹಾದ ಬಿಸಿಲು ಬಣ್ಣವನ್ನೆಲ್ಲ ತಿಂದುಹಾಕುತ್ತದೆ ಎಂದು ಗೊಣಗಿ, ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿ ತನ್ನೂರಿನ ಮಂಕು ಬೆಳಕು ಮಾಡಿಕೊಂಡಿದ್ದ. ಫೋಟೋ ನೋಡಿ ಬರೆಯುವವನಲ್ಲ. ಮೊದಲು ಪಾದ, ಆಮೇಲೆ ಕೈ, ಕೊನೆಗೆ ಮುಖ. ಉಡುಪಿಯ ಸ್ಟುಡಿಯೋದಲ್ಲಾದರೆ ಬೆನ್ನ ಹಿಂದೆ ತಾಜಮಹಲಿನ ಪರದೆ, ಮುಖಕ್ಕೆ ಪೌಡರು, "ಸ್ವಲ್ಪ ನಗಿ ಸಾರ್". ಇಲ್ಲಿ ಹಿಂದೆ ಬರೀ ಬೂದು ಗೋಡೆ, ನನ್ನ ಸವೆದ ಚಪ್ಪಲಿಗೇ ಎರಡು ಶುಕ್ರವಾರ!

"ಯಾಕಪ್ಪಾ ನನ್ನ ಮುಖ ಹೆರೆದೆ?" ಎಂದೆ.

"ಅದು ಫೋನಿನ ಮುಖ. ಹೆಂಡತಿ ಕರೆದಾಗೆಲ್ಲ ನೀನು ಹಾಕಿಕೊಳ್ಳುತ್ತೀಯಲ್ಲ, ಅದು. ನಿನ್ನ ಕೈ ಹೆದರಿದವನದು, ಮುಖ ಮದುವೆಗೆ ಹೊರಟವನದು."

ಸಿಕ್ಕಿಬಿದ್ದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಿಗೂ ಇಲ್ಲಿ ‘ಬ್ಯಾಚುಲರ್’ ಎಂದೇ ಹೆಸರು. ನಾವು ಬ್ಯಾಚುಲರ್‌ಗಳೆಲ್ಲ ತಲೆ ಬಾಚಿ, ಮಂಚ ಕಾಣದ ಹಾಗೆ ನಿಂತು, ಟ್ಯೂಬ್‌ಲೈಟಿನ ಕೆಳಗೆ ಹಲ್ಲು ಬಿಟ್ಟುಕೊಂಡೇ ವಿಡಿಯೋ ಕಾಲ್ ಎತ್ತುವುದು. "ಇಲ್ಲಿ ಎಲ್ಲ ಆರಾಮ." ನನಗೋ ತಿಂಗಳ ಹಿಂದೆಯೇ ಮ್ಯಾನೇಜರ್, "ಮ್ಯಾಚ್ ಶುರುವಾಗುವ ಹೊತ್ತಿಗೆ ನಿನ್ನ ಕೆಲಸ ಖಲಾಸ್" ಎಂದಿದ್ದ. ಖಲಾಸ್ ಎಂದರೆ ಮುಗಿಯಿತು. ಇಲ್ಲಿಗೆ ಬಂದವರು ಮೊದಲು ಕಲಿಯುವ ಅರಬ್ಬಿ ಮಾತುಗಳಲ್ಲಿ ಅದೊಂದು. ಹೆಂಡತಿ ಸೆಲಿನ್‌ಗೂ ಹೇಳಿರಲಿಲ್ಲ. ಅವತ್ತು ಯೋಸ್‌ಗೆ ಹೇಳಿಬಿಟ್ಟೆ. ಪಾಪಿ, ಒಂದು ಸಮಾಧಾನದ ಮಾತಿಲ್ಲ! "ಹಾಗೇ ಇರು, ಅಲ್ಲಾಡಬೇಡ" ಎಂದು ಕುಂಚ ಎತ್ತಿಕೊಂಡ.

ಚಿತ್ರ ಮುಗಿದದ್ದೇ ತಡ, ಕಳಿಸಿ ಕಳಿಸಿ ಎಂದು ಸೆಲಿನ್ ಪ್ರಾಣ ತಿಂದಳು. ಎರಡು ದಿನ ತಳ್ಳಿ, ಕೊನೆಗೆ ಫೋಟೋ ತೆಗೆದು ಕಳಿಸಿದೆ. ನಿಮಿಷದೊಳಗೆ ಫೋನು ಬಂತು. ಮನೆಮಾತು ಕೊಂಕಣಿಯಾದರೂ ಸಿಟ್ಟು ಬಂದರೆ ಅವಳು ಕನ್ನಡಕ್ಕೇ ಇಳಿಯುತ್ತಾಳೆ.

"ಇದೆಂತ ಮಾರಾಯ್ರೆ? ಯಾವಾಗಿಂದ ಹೀಗಿದ್ದೀರಿ?"

"ಅದು ಅವನ ಶೈಲಿ. ಎಲ್ಲರನ್ನೂ ಹಾಗೇ ಬರೀತಾನೆ."

"ಸುಳ್ಳು ಹೇಳ್ಬೇಡಿ. ನಿಮ್ಮಮ್ಮ ತೀರಿಕೊಂಡ ದಿನ ಇದೇ ಮುಖ ಇತ್ತು. ಎಂತಾಯ್ತು ಹೇಳಿ."

ಹೇಳಿದೆ. ಅವಳು ಅಳಲಿಲ್ಲ, ಬೈದಳು. "ಆ ಬೆಲ್ಜಿಯಂನವನಿಗೆ ಹೇಳ್ಲಿಕ್ಕಾಗ್ತದೆ, ನನಗೆ ಆಗುದಿಲ್ವಾ? ನಾನೆಂತ ಹೊರಗಿನವಳಾ?" ಹಾಗೆ ಬೈಸಿಕೊಂಡ ಮೇಲೆ, ಎಷ್ಟೋ ವಾರಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮ್ಯಾಚುಗಳು ಶುರುವಾಗುವ ಮೊದಲೇ ಉತ್ತರದ ತುದಿಯ ಸಣ್ಣ ಊರು ಅಲ್ ಶಮಾಲ್‌ನಲ್ಲಿ, ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇನ್ನೆರಡು ವರ್ಷದ ಕರಾರು. ತಲೆ ಬಾಚದೆ, ಮಂಚದ ಮೇಲೆ ಕೂತೇ ಸೆಲಿನ್‌ಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಅವಳು ಫೋನನ್ನು ಹತ್ತಿರ ತಂದು ನನ್ನ ಮುಖ ನೋಡಿದಳು.

"ಆಯ್ತು. ನಗ್ತಾ ಫೋನ್ ಮಾಡುವವರು ಅಲ್ಲೇ ಇದ್ದು ದುಡೀಲಿ. ಆ ಪಟದಲ್ಲಿ ಕೂತಿದ್ದಾರಲ್ಲ, ಅವರನ್ನು ಮನೆಗೆ ಕಳಿಸಿ. ನಾನು ನೋಡಿಕೊಳ್ತೇನೆ."

ಆ ಪಟವನ್ನು ಯೋಸ್ ಪ್ರದರ್ಶನಕ್ಕೆಂದು ಹಿಂದಿನ ವಾರವೇ ತನ್ನೂರಿಗೆ ಕಳಿಸಿಯಾಗಿತ್ತು. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ, ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.