ಒಡೆದ ಬೋಗುಣಿಯ ಹಳದಿ ಹೂ

ಚಳಿಗೆ ಗಾಜಿನ ಮನೆಯ ಮಾಡು ಬೆಳ್ಳಗಾಗಿದೆ. ಒಳಗೆ ಸಣ್ಣ ಕೆಟಲಮ್ಮ ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಅಂಚು ಒಡೆದ ಬೋಗುಣಿಯೊಂದರೊಳಗೆ ಇಣುಕುತ್ತಿದ್ದಾರೆ. ಪದ್ಯ ಓದುವವರು ಯತಿಯ ಬಳಿ ಉಸಿರು ಹಿಡಿಯುತ್ತಾರಲ್ಲ, ಹಾಗೆ ಹಿಡಿದಿದ್ದಾರೆ. ಬೋಗುಣಿಯ ಪಾಚಿಯಲ್ಲಿ ಕಿರುಬೆರಳಿನಷ್ಟು ಎತ್ತರದ ಒಂದೇ ಒಂದು ಮೊಗ್ಗು. ಇನ್ನೂ ಪೊರೆ ಬಿಟ್ಟಿಲ್ಲ.

“ಗುಲಾಬಿ ಬಣ್ಣ ಕಂಡ್ರೆ ನಂಗೆ ಹೇಳ್ಬೇಡಿ,” ಎನ್ನುತ್ತಾರೆ, ತೋಟ ನೋಡಲು ಬಂದ ನನ್ನತ್ತ ತಿರುಗದೆ. “ಹಳದಿ ಆದ್ರೆ ಮಾತ್ರ ಕೂಗಿ.”

ಊರಿನ ಸಾರ್ವಜನಿಕ ತೋಟದ ಮೂಲೆಯಲ್ಲಿರುವ ಈ ಗಾಜಿನ ಮನೆಗೆ ಹೀಟರ್ ಇಲ್ಲ. ಇಲ್ಲಿರುವವು ಪ್ಲಿಯೋನೆ ಎಂಬ ಕುಲದ ಪುಟ್ಟ ಆರ್ಕಿಡ್‌ಗಳು. ಎತ್ತರದ ಬೆಟ್ಟಗಳಲ್ಲಿ, ಪಾಚಿ ಹಿಡಿದ ಬಂಡೆಗಳ ಮೇಲೆ ಬೆಳೆಯುವ ಇವಕ್ಕೆ ಚಳಿಯೇ ತವರು. ಚಳಿಗಾಲ ಬಂತೆಂದರೆ ಎಲೆ ಉದುರಿಸಿ, ಬೇರು ಒಣಗಿಸಿ, ಬರೀ ಗಡ್ಡೆಯಾಗಿ ಮಲಗುತ್ತವೆ. ವಸಂತದಲ್ಲಿ ಎಲೆಗಿಂತ ಮುಂಚೆ ಹೂವೇ ಬರುತ್ತದೆ. ಹೂ ಬಾಡುವ ಹೊತ್ತಿಗೆ ಹೊಸ ಬೇರು ಇಳಿಯುತ್ತದೆ. ಅಲ್ಲಿಯವರೆಗೆ ನೀರು ಸೋಕಿಸುವಂತಿಲ್ಲ. ಸೋಕಿದರೆ ಗಡ್ಡೆ ಕೊಳೆಯುತ್ತದೆ.

“ಮೊನ್ನೆ ಯಾರೋ ಬಂದು ಬೆಳ್ಳುಳ್ಳಿ ಬೆಳೀತೀರಾ ಅಂದ್ರು. ಹೌದು, ಒಗ್ಗರಣೆಗೆ ಮಾತ್ರ ಕೇಳ್ಬೇಡಿ ಅಂದೆ,” ಎಂದು ನಗುತ್ತಾರೆ. ಕೈ ಮರಗಟ್ಟಿದಾಗ ಕಂಕುಳಲ್ಲಿ ಅವಿತಿಡುತ್ತಾರೆ. “ಹೀಟರ್ ಹಾಕಿದ್ರೆ ನಾನು ಬೆಚ್ಚಗಿರ್ತೀನಿ, ಇವು ರಾಜೀನಾಮೆ ಕೊಟ್ಟು ಹೋಗ್ತವೆ.”

ಒಂದು ಗಡ್ಡೆಗೆ ಒಂದೇ ವರ್ಷ ಆಯುಸ್ಸು. ಮಗ್ಗುಲಲ್ಲಿ ಮಗಳನ್ನು ಬೆಳೆಸಿ ತಾನು ಕರಗಿಹೋಗುತ್ತದೆ. ಹಾಗಾಗಿ ಪ್ರತಿ ಚಳಿಗಾಲದಲ್ಲೂ ಸಾವಿರದಷ್ಟು ಕುಂಡಗಳನ್ನು ಬಿಚ್ಚಬೇಕು, ಹಳೆಯ ಸಿಪ್ಪೆ ತೆಗೆಯಬೇಕು, ಹೊಸ ಗಡ್ಡೆಯನ್ನು ಅರ್ಧ ಹೂತು ಕೂರಿಸಬೇಕು. ಎಲ್ಲಕ್ಕೂ ಒಬ್ಬರದೇ ಕೈ. ನೀರಿನ ಕಾಲ ಬಂದಾಗ ಚಹಾದ ಕೆಟಲ್‌ನ ಸಣ್ಣ ಮೂತಿಯಿಂದ ಕುಂಡದ ಅಂಚಿಗೆ ಮಾತ್ರ ಹನಿಸಬೇಕು. ಎಳೆಯ ಸುಳಿಯೊಳಗೆ ನೀರು ನಿಲ್ಲಬಾರದು. ಈ ಕ್ರಮ ಕಲಿಸಿದವರು ಅತ್ತೆ. ಇದೇ ಗಾಜಿನ ಮನೆಯಲ್ಲಿ ದುಡಿದು ನಿವೃತ್ತರಾದ ಅವರನ್ನು ತೋಟದವರೆಲ್ಲ ಕೆಟಲಮ್ಮ ಎಂದೇ ಕರೆಯುತ್ತಿದ್ದರು. ಸೊಸೆ ಅದಕ್ಕಿಂತ ಸಣ್ಣ ಕೆಟಲ್ ಹಿಡಿದು ಬಂದರು. ಹೆಸರು ತಾನಾಗಿ ಬಂತು.

ದೊಡ್ಡ ಕೆಟಲ್ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಅದರ ಕತೆ ಹೇಳುವಾಗ ಸಣ್ಣ ಕೆಟಲಮ್ಮನ ದನಿ ತಗ್ಗುತ್ತದೆ.

ನಾಲ್ಕು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆಂದು ಅವರು ತವರಿಗೆ ಹೋಗಿದ್ದಾಗ, ಗಾಜಿನ ಮನೆ ನೋಡಿಕೊಂಡವರು ಅತ್ತೆ. ಚಳಿಗಾಲದ ಕೊನೆಗೆ ಇದ್ದಕ್ಕಿದ್ದಂತೆ ನಾಲ್ಕಾರು ದಿನ ಬಿಸಿಲು ಕಾಯಿತು. ಬೇರು ಬಂತೇನೋ ಎಂದು ಅತ್ತೆ ಪರೀಕ್ಷಿಸಿದರು. ಕಣ್ಣು ಮಂಜಾಗಿತ್ತು; ಬೆರಳನ್ನೇ ನಂಬಿದರು. ಬೆರಳಿಗೆ ಸಿಕ್ಕಿದ್ದು ಪಾಚಿಯ ಎಳೆ. ಅದನ್ನೇ ಬೇರು ಅಂದುಕೊಂಡು ಕೆಟಲ್ ಎತ್ತಿದರು. ಮೊದಲು ನೀರುಂಡದ್ದು ಹಳದಿ ಹೂವಿನ ಸಾಲು. ಗುಲಾಬಿ ಬಣ್ಣದವು ನೂರಾರಿದ್ದವು, ಹಳದಿ ಅದೊಂದೇ ಸಾಲು, ಅವರ ಕಣ್ಮಣಿ. ಮರುದಿನ ಸೊಸೆ ಬಂದು ಉಳಿದ ಕುಂಡಗಳನ್ನೇನೋ ಉಳಿಸಿಕೊಂಡರು. ಹಳದಿಯ ಸಾಲು ಪೂರ್ತಿ ಕೊಳೆಯಿತು.

“ಮೇಲ್ವಿಚಾರಕರ ಹತ್ರ ನಾನು ಹಿಮ ಬಿತ್ತು ಅಂತೇನೋ ಸಬೂಬು ಹೇಳ್ತಿದ್ದೆ. ಅತ್ತೆ ಅಡ್ಡ ಬಂದು, ಹಿಮ ಅಲ್ಲ, ನಾನೇ ಕೊಂದೆ ಅಂದ್ಬಿಟ್ರು. ಕೆಟಲ್ ಮೊಳೆಗೆ ಹಾಕಿ ಹೋದೋರು, ಇವತ್ತಿನವರೆಗೂ ಈ ಹೊಸಿಲು ದಾಟಿಲ್ಲ.”

ಉಳಿದದ್ದು ಈ ಬೋಗುಣಿ. ಗಡ್ಡೆಯ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಮರಿಗಳು ಅಂಟಿರುತ್ತವೆ. ಹೂ ಬಿಡಲು ವರ್ಷಗಳೇ ಬೇಕೆಂದು ಸಿಪ್ಪೆಯ ಜೊತೆ ಗುಡಿಸಿ ಹಾಕುವುದು ರೂಢಿ. ಅತ್ತೆಗೆ ಎಸೆಯಲು ಮನಸ್ಸು ಬಾರದೆ, ಮನೆಯ ಮೆಟ್ಟಿಲ ಕಿಟಕಿಯಲ್ಲಿಟ್ಟ ಬೋಗುಣಿಗೆ ಉದುರಿಸುತ್ತಿದ್ದರು. ಎಲ್ಲ ಬಣ್ಣವೂ ಕಲಸಿಹೋಗಿತ್ತು. ಹೂ ಅರಳುವವರೆಗೆ ಯಾವುದು ಯಾವುದೆಂದು ಯಾರೂ ಹೇಳಲಾರರು. ಸಣ್ಣ ಕೆಟಲಮ್ಮ ಅದನ್ನು ಸದ್ದಿಲ್ಲದೆ ಇಲ್ಲಿಗೆ ಸಾಗಿಸಿದರು. “ಆಸೆ ಹುಟ್ಟಿಸಿ ಮತ್ತೆ ಸೋತ್ರೆ ಅವ್ರು ತಡ್ಕೊಳ್ಳಲ್ಲ. ಅದಕ್ಕೇ ಹೇಳ್ಲಿಲ್ಲ.” ಬೋಗುಣಿ ಎಲ್ಲಿ ಎಂದು ಅತ್ತೆ ಕೇಳಿದಾಗ, ತೋಟದ ಗೇಟು ಕಾಯುವ ಅವರ ಮಗ, ಅಂದರೆ ಸಣ್ಣ ಕೆಟಲಮ್ಮನ ಗಂಡ, “ಒಡೆದಿತ್ತು, ಎಸೆದೆ” ಅಂದು ಮೂರು ದಿನ ಬೈಸಿಕೊಂಡರಂತೆ.

ಕಳೆದ ವಸಂತದಲ್ಲಿ ಬೋಗುಣಿಯಲ್ಲಿ ಅರಳಿದವೆಲ್ಲ ಗುಲಾಬಿ. ಈ ವರ್ಷ ಅವನ್ನು ಬೇರೆ ಕುಂಡಗಳಿಗೆ ಸರಿಸಿದ್ದಾರೆ. ಅರಳದೆ ಉಳಿದದ್ದು ಇದೊಂದೇ.

ಬಿಸಿಲು ಗಾಜು ದಾಟಿ ಕಟ್ಟೆಗೆ ಬರುತ್ತದೆ. ಪೊರೆ ಮೆಲ್ಲಗೆ ಸೀಳುತ್ತದೆ. ಒಳಗಿನಿಂದ ಎಳೆಯ ನಿಂಬೆಯಂಥ ಒಂದು ಅಂಚು. ನಾನು ಕೂಗುವ ಮೊದಲೇ ಅವರು ಕೂಗುತ್ತಾರೆ: “ರೀ! ಅತ್ತೇನ ಕರ್ಕೊಂಡ್ಬನ್ನಿ! ಹಳದಿ!”

ಗೇಟಿನ ಕಡೆಯಿಂದ ಗಂಡನ ಓಟದ ಸದ್ದು. ತುಸು ಹೊತ್ತಿಗೆ ಮಗನ ತೋಳು ಹಿಡಿದು ಅತ್ತೆ ಬಂದು ಹೊಸಿಲಲ್ಲೇ ನಿಲ್ಲುತ್ತಾರೆ.

“ಒಳಗೆ ಬರಲ್ಲ ಅಂದಿದ್ದೀನಲ್ಲೇ.”

“ಹಾಗಾದ್ರೆ ಅಲ್ಲಿಂದ್ಲೇ ನೋಡಿ.”

“ಈ ಕಣ್ಣಿಗೆ ಇಲ್ಲಿಂದ ನೀನೇ ಕಾಣಲ್ಲ, ಹೂವೆಲ್ಲಿಂದ ಕಾಣ್ಬೇಕು?” ಎನ್ನುತ್ತಲೇ ಹೊಸಿಲು ದಾಟುತ್ತಾರೆ. ಮೂಗು ತಾಗುವಷ್ಟು ಬಗ್ಗುತ್ತಾರೆ. ಬೆರಳು ಬೋಗುಣಿಯ ಒಡೆದ ಅಂಚನ್ನು ಸವರಿ ಥಟ್ಟನೆ ನಿಲ್ಲುತ್ತದೆ.

“ಇದು ನಂದಲ್ವೇನೋ? ಎಸೆದೆ ಅಂದ್ಯಲ್ಲೋ!”

“ಎಸೆದದ್ದು ಇಲ್ಲಿಗೇ ಕಣಮ್ಮ.”

ಅತ್ತೆಯ ನಗು ಗಾಜಿಗೆ ಬಡಿದು ಮರಳುತ್ತದೆ. ಕಣ್ಣೊರೆಸಿಕೊಳ್ಳುತ್ತಿರುವುದು ಮಾತ್ರ ಸೊಸೆ. ಆಮೇಲೆ ಸಣ್ಣ ಕೆಟಲಮ್ಮ ಮೊಳೆಯಿಂದ ದೊಡ್ಡ ಕೆಟಲ್ ಇಳಿಸಿ, ಸೆರಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಾರೆ. “ನನ್ನದೊಂದೇ ಆಸೆ ಅತ್ತೆ. ಇದಕ್ಕೆ ನೀವೇ ನೀರು ಹಾಕ್ಬೇಕು.”

ಅತ್ತೆ ಕೈ ಹಿಂದೆಳೆಯುತ್ತಾರೆ. ಹೂವನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡುತ್ತಾರೆ. “ಬೇರು ಬಂತೇನೇ?”

“ಇನ್ನೂ ಇಲ್ಲ.”

“ಸರಿಯಾಗಿ ನೋಡಿದ್ಯಾ?”

“ಕಣ್ಣಾರೆ ನೋಡಿದೆ ಅತ್ತೆ.”

ಅತ್ತೆ ಖಾಲಿ ಕೆಟಲನ್ನು ಇಸಿದುಕೊಂಡು, ಮೊಳೆಗೆ ತೂಗುಹಾಕದೆ, ಸ್ಟೂಲಿನ ಮೇಲೆ ಕುಳಿತು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

“ಬರ್ಲಿ, ಅವಸರವಿಲ್ಲ. ಬಂದ ದಿನ ನೀನು ನೋಡಿ ಹೇಳು. ನಾನು ಹಾಕ್ತೀನಿ.”