ಸರಸ್ವತಿ ಕೂತ ಲ್ಯಾಪ್‌ಟಾಪ್

ಅಮೆರಿಕದ ಸ್ಟರ್ಲಿಂಗಿನಲ್ಲಿ ಮಗಳ ಮನೆಯಲ್ಲಿದ್ದಾಗ ನಡೆದದ್ದು. ಅವಳ ಕೆಲಸ ಹೋಗಿತ್ತು. ಆಫೀಸಿನವರು ಕೊಟ್ಟಿದ್ದ ದಪ್ಪ ಲ್ಯಾಪ್‌ಟಾಪನ್ನೂ ವಾಪಸ್ ತರಿಸಿಕೊಂಡರು. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ದೇಶ ಬಿಡಬೇಕು. ಕೆಲಸ ಹುಡುಕಲು ಅಗ್ಗದ್ದೊಂದು, ತೆಳ್ಳನೆಯದು, ಕೊಂಡು ತಂದಳು.

ಎತ್ತಿ ನೋಡಿದೆ. ಭಾರವೇ ಇಲ್ಲ. "ಇದೇನೇ, ಹಪ್ಪಳ ಇದ್ದಹಾಗಿದೆ!"

"ಹಪ್ಪಳಾನೋ ಸಂಡಿಗೇನೋ, ಅನ್ನ ಹುಟ್ಟೋದು ಇನ್ಮೇಲೆ ಇದ್ರಲ್ಲೇ ಅಮ್ಮ," ಅಂದಳು.

ಒಳ್ಳೆಯದೇ ಇತ್ತು, ಸುಳ್ಳು ಹೇಳಬಾರದು. ಹಳೆಯದು ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಅನ್ನುತ್ತಿತ್ತು; ಇದು ಸದ್ದೇ ಮಾಡುತ್ತಿರಲಿಲ್ಲ. ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಬರುತ್ತಿತ್ತು. ಒಂದೇ ಕೈಯಲ್ಲಿ ಹಿಡಿದು ಅಡುಗೆಮನೆಗೂ ತರುತ್ತಿದ್ದಳು. ಆದರೆ ವೈರು ಚುಚ್ಚಲು ಎರಡೇ ತೂತು. ಟಿವಿಗೆ ಜೋಡಿಸಲು ಬೇರೆ ವೈರಿನ ತುಂಡೊಂದನ್ನು ಕೊಳ್ಳಬೇಕಾಯಿತು. ಮುಚ್ಚಳ ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು. ಅದನ್ನು ನಾನೇ ಒತ್ತಿ ನೋಡಿದ್ದೆ.

ನವರಾತ್ರಿ ಬಂತು. ಸರಸ್ವತಿ ಪೂಜೆಗೆ ಮನೆಯ ಪುಸ್ತಕಗಳನ್ನೆಲ್ಲ ಪೇರಿಸಿದೆ. ನನಗೆ ಓದು ಅಷ್ಟಕ್ಕಷ್ಟೆ, ಪೂಜೆಗೆ ಮಾತ್ರ ಯಾವ ಪುಸ್ತಕವನ್ನೂ ಬಿಡುವವಳಲ್ಲ. ಹೋದ ವರ್ಷ ದಪ್ಪದ್ದನ್ನು ಇಟ್ಟ ಹಾಗೆ ಈ ತೆಳ್ಳನೆಯದನ್ನೂ ಎಲ್ಲಕ್ಕಿಂತ ಕೆಳಗಿಟ್ಟೆ. ಮೇಲೆ ಪುಸ್ತಕದ ರಾಶಿ, ರಾಶಿಯ ಮೇಲೆ ಹಿತ್ತಾಳೆಯ ಸರಸ್ವತಿ.

ಸಂಜೆ ಮಗಳು ಬಂದು, "ಅಮ್ಮಾ, ನಾಳೆ ಬೆಳಿಗ್ಗೆ ಇಂಟರ್‌ವ್ಯೂ. ಸ್ವಲ್ಪ ಪ್ರಾಕ್ಟೀಸ್ ಮಾಡ್ಕೋಬೇಕು, ತೆಗೀಲಾ?" ಎಂದಳು.

"ಪೂಜೆಗಿಟ್ಟಿದ್ದನ್ನ ಮುಟ್ತಾರೇನೇ? ನಾಳೆ ವಿಜಯದಶಮಿ. ಮಂಗಳಾರತಿ ಆದ್ಮೇಲೆ ತೆಗಿ, ಗೆಲ್ತೀಯ."

ಅವಳು ಫೋನಿನಲ್ಲೇ ಏನೋ ಓದಿಕೊಳ್ಳುತ್ತಾ ಕೂತಳು.

ಬೆಳಿಗ್ಗೆ ಮಂಗಳಾರತಿ ತೆಗೆದುಕೊಂಡು ಮುಚ್ಚಳ ಎತ್ತಿದಳು. ಪರದೆಯೊಳಗೆ ಮಸಿ ಚೆಲ್ಲಿದ ಹಾಗೆ ಕಪ್ಪು. ಮುಚ್ಚಳ ನಿಲ್ಲದೆ ಹಿಂದಕ್ಕೆ ಬಿತ್ತು.

"ಫೋನಲ್ಲಿ ಆಗಲ್ವಾ?" ಅಂದೆ.

"ಪ್ರೋಗ್ರಾಂ ಬರೆದು ತೋರಿಸ್ಬೇಕಮ್ಮ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ ವೈರಿನ ತುಂಡು ಸಿಕ್ಕಿಸಿ ಟಿವಿಗೆ ಜೋಡಿಸಿದಳು. ಅಲ್ಲಿ ಚಿತ್ರ ಬಂತು.

"ಕ್ಯಾಮೆರಾ ಮುಚ್ಚಳದಲ್ಲೇ ಇದೆ. ಹಿಡ್ಕೊಂಡು ಕೂತ್ಕೋ. ಅಲ್ಲಾಡ್ಬೇಡ."

ಟಿವಿಗೆ ಬೆನ್ನು ಮಾಡಿ ಅವಳೆದುರು ನೆಲದಲ್ಲಿ ಕೂತು ಮುಚ್ಚಳ ಹಿಡಿದೆ. ಅವಳು ಟೈಪ್ ಮಾಡುತ್ತಾ, ನನ್ನ ತಲೆಯ ಮೇಲಿಂದ ಟಿವಿ ನೋಡುತ್ತಾ ಇಂಗ್ಲಿಷಿನಲ್ಲಿ ಮಾತಾಡಿದಳು. ನಡುವೆ ನನ್ನ ಕೈಯಲ್ಲಿದ್ದ ಮುಚ್ಚಳ ಒಮ್ಮೆ ವಾಲಿತು. ಟಿವಿಯೊಳಗಿನ ಗಂಡಸು ಏನೋ ಕೇಳಿ ನಕ್ಕ. ಮಗಳೂ ನಕ್ಕು ಏನೋ ಹೇಳಿದಳು. "ಮದರ್" ಅಂದದ್ದೊಂದೇ ನನಗೆ ತಿಳಿದದ್ದು. ಮುರಿದವಳು ಇವಳೇ ಎಂದು ಹೇಳಿರಲಿಕ್ಕಿಲ್ಲ, ಹೇಳಿದ್ದರೆ ಅವನು ಹಾಗೆ ಪ್ರೀತಿಯಿಂದ "ಹಲೋ, ಮದರ್!" ಅನ್ನುತ್ತಿರಲಿಲ್ಲ.

"ಅಮ್ಮಾ, ಹಲೋ ಅನ್ನು."

ಮುಚ್ಚಳದ ಹಿಂದೆ ಇನ್ನಷ್ಟು ಕುಗ್ಗಿದೆ.

ಕೆಲಸ ಸಿಕ್ಕಿತು. ಫೋನ್ ಬಂದ ದಿನ ಮಗಳು, "ನೀನು ಹೇಳಿದ ಹಾಗೇ ಆಯ್ತಲ್ಲಮ್ಮ, ವಿಜಯದಶಮಿ ಗೆಲ್ಲಿಸ್ತು," ಅಂದಳು. ಹಂಗಿಸಿದಳೋ, ನಿಜವಾಗಿಯೇ ಅಂದಳೋ ಗೊತ್ತಾಗಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಪಾತ್ರೆ ತೊಳೆಯಲು ಎದ್ದು ಹೋದೆ.