ಇಂಚು ಮಾಸ್ತರರ ಜೋಡಿ ಡಿಸ್ಕು

ಊರಿನ ಸೊಂಟಗಳೆಲ್ಲ ತಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಭದ್ರವಾಗಿವೆ ಎಂಬುದು ದರ್ಜಿ ಇಂಚು ಮಾಸ್ತರರ ಹೆಮ್ಮೆ. "ಒಬ್ಬರಿಗೆ ಎರಡನೇ ಸಲ ಟೇಪು ಹಿಡಿದ್ರೆ ನಾನು ದರ್ಜಿನೇ ಅಲ್ಲ" ಎಂದು ಗಿರಾಕಿಗಳ ಮುಂದೆ ಎದೆಯುಬ್ಬಿಸುವರು. ಆ ಎದೆಯ ಅಳತೆಯೂ ಅದರೊಳಗೇ ಇತ್ತು. ಕಂಪ್ಯೂಟರಿಗೆ ಎರಡು ಡಿಸ್ಕು; ಒಂದರಲ್ಲಿ ಬರೆದದ್ದು ತಾನಾಗಿಯೇ ಇನ್ನೊಂದರಲ್ಲೂ ಮೂಡುತ್ತದೆ. ಒಂದು ಸತ್ತರೂ ಚಿಂತೆಯಿಲ್ಲ ಎಂದು ನಂಬಿಸಿ ಮಾರಿದವನು ಹೆಂಡತಿಯ ತಮ್ಮ, ಕಂಪ್ಯೂಟರ್ ರಿಪೇರಿಯವನು.

ಮೂವತ್ತೆರಡು ನರ್ಸುಗಳ ಸಮವಸ್ತ್ರಕ್ಕೆ ಅಂದೇ ಕತ್ತರಿ ಹಾಕದಿದ್ದರೆ ಆರ್ಡರು ಎದುರಂಗಡಿಯ ಪಾಲು. ಅಂಥ ಬೆಳಿಗ್ಗೆಯನ್ನೇ ನೋಡಿ ಒಂದು ಡಿಸ್ಕು ಕಣ್ಣುಮುಚ್ಚಿತು. ಸ್ವಿಚ್ಚು ಒತ್ತಿದರೂ ಪರದೆ ಕಪ್ಪಗೇ ಇತ್ತು. ಭಾವಮೈದ ಓಡಿಬಂದ.

"ಇನ್ನೊಂದಿದೆಯಲ್ಲೋ?"

"ಇದೆ ಭಾವ. ಅಳತೆಯೆಲ್ಲ ಅದರಲ್ಲಿ ಜೋಪಾನವಾಗಿದೆ. ಆದ್ರೆ ಮಿಷಿನ್ ಶುರು ಮಾಡೋ ಪ್ರೋಗ್ರಾಮು ಸತ್ತಿದ್ರಲ್ಲಿ ಮಾತ್ರ ಇತ್ತು."

"ಅದನ್ನೂ ಎರಡಕ್ಕೂ ಹಾಕಬಾರದಿತ್ತಾ?"

"ಹಾಕಬಹುದಿತ್ತು. ನೀವು ಕೇಳ್ಲೇ ಇಲ್ವಲ್ಲ!"

ಕೇಳದ ತಪ್ಪಿಗೆ ಮಾಸ್ತರರು ತಲೆತಗ್ಗಿಸಿದರು. ಭಾವಮೈದ ಪೆನ್‌ಡ್ರೈವ್ ಚುಚ್ಚಿ ಮಿಷಿನ್ನನ್ನು ಎಬ್ಬಿಸಿದ. ಸತ್ತದ್ದರ ಜಾಗಕ್ಕೆ ಹೊಸ ಡಿಸ್ಕು ಕೂರಿಸಿದ. ಯಾವುದರಿಂದ ಯಾವುದಕ್ಕೆ ನಕಲು ಎಂದು ಪರದೆ ಕೇಳಿದ್ದೇ ತಡ, ಧ್ಯಾನಸ್ಥನಾದ. ಖಾಲಿಯದನ್ನು ತುಂಬಿದ್ದರ ಮೇಲೆ ನಕಲಿಸಿದ್ದರೆ ಊರಿಗೆ ಊರೇ ಸೊಂಟವಿಲ್ಲದಂತಾಗುತ್ತಿತ್ತು! ಕೊನೆಗೆ ಡಿಸ್ಕುಗಳ ಮೈಮೇಲಿನ ನಂಬರುಗಳನ್ನು ಮಾಸ್ತರರೇ ಕನ್ನಡಕವೇರಿಸಿ ಓದಿ ಹೇಳಿದ ಮೇಲೆ ನಕಲು ಶುರುವಾಯಿತು.

"ಅಷ್ಟರಲ್ಲಿ ಅಳತೆ ನೋಡಿಬಿಡಲಾ?"

"ಅಯ್ಯೋ, ಮುಗಿಯೋವರೆಗೂ ಕೈ ಇಡಬೇಡಿ ಭಾವ!"

ನಕಲು ನೂರಕ್ಕೆ ಹದಿನೆಂಟು ಪಾಲು ಆಗುವಷ್ಟರಲ್ಲಿ ಹೆಂಡತಿ ಟೇಪನ್ನು ಕೊರಳಿಗೆ ಹಾಕಿಕೊಂಡಳು.

"ರೀ, ನೀವಿಬ್ರೂ ಅದಕ್ಕೆ ಕಾವು ಕೊಡ್ತಾ ಕೂತಿರಿ. ನಾನು ಆಸ್ಪತ್ರೆಗೆ ಹೋಗಿಬರ್ತೀನಿ."

"ಮತ್ತೆ ಅಳೀತೀಯಾ? ನನ್ನ ಮರ್ಯಾದೆ ಏನಾಗಬೇಕು?"

"ಅದನ್ನೂ ಎರಡು ಕಡೆ ಇಟ್ಕೋಬೇಕಿತ್ತು!"

ಮಧ್ಯಾಹ್ನದ ಹೊತ್ತಿಗೆ ನಕಲು ಮುಗಿಯಿತು. ಈ ಸಲ ಶುರು ಮಾಡುವ ಪ್ರೋಗ್ರಾಮನ್ನೂ ಭಾವಮೈದ ಎರಡಕ್ಕೂ ಹಾಕಿ, ಬಹುಮಾನ ಕೊಡುವವರಿಗಾಗಿ ಸುತ್ತಮುತ್ತ ನೋಡಿದ. ಒಂದು ಅಂಕಿಯೂ ಕಳೆದಿರಲಿಲ್ಲ. ಆರು ವರ್ಷದ ಹಿಂದಿನ ಸೊಂಟಗಳೆಲ್ಲ ಹಾಗೇ ತೆಳ್ಳಗೆ ಉಳಿದಿದ್ದವು. ಹೆಂಡತಿ ತಂದ ಚೀಟಿಯಲ್ಲಾದರೋ ದೊಡ್ಡ ಸಿಸ್ಟರ್ ಒಬ್ಬರೇ ಐದು ಇಂಚು ಮುಂದುವರಿದಿದ್ದರು.

ಮಾಸ್ತರರು ಪರದೆ ನೋಡಿದರು, ಚೀಟಿ ನೋಡಿದರು. ಆಮೇಲೆ ಪರದೆಯನ್ನು ಬೀದಿಗೆ ಕಾಣುವಂತೆ ತಿರುಗಿಸಿಟ್ಟು, ಚೀಟಿಯ ಪ್ರಕಾರ ಕತ್ತರಿ ಹಾಕಿದರು.